ಅಳದ ಕೋಲು

ಪ್ಲಗ್ಗು ಇದ್ದದ್ದು ಎಡಗಡೆಗೆ. ಹಾಗಾಗಿ ಪರದೆಯನ್ನೂ ಎಡಗಡೆಗೇ ನಿಲ್ಲಿಸಿದ್ದರು. ಬೆಳಗಿನಿಂದ ನಾಲ್ಕು ಸಲ ಮರ್ಲೆನ್ ಆ ಕಂಬಳಿ ಗುಡಾರದೊಳಕ್ಕೆ ಬಗ್ಗಿ ಹೋಗಿ ಬಂದಿದ್ದ. ನಾಲ್ಕು ಸಲವೂ ಎಲ್ಲೋ ಏನೋ ಎಡವಟ್ಟಾಗಿದೆ ಅನ್ನಿಸಿತ್ತು, ಏನೆಂದು ಹೊಳೆದಿರಲಿಲ್ಲ. ದೀಪ ಸರಿಯಾಗಿತ್ತು. ಧ್ವನಿ ಸರಿಯಾಗಿತ್ತು. ಬಾಗಿಲ ಚೌಕಟ್ಟಿನ ಕೆಂಪು ಬಣ್ಣ ಕೂಡ ಎರಡು ತಲೆಮಾರಿನ ಕೈ ಸವರಿ ಸವರಿ ಮಾಸಿದ ಹಾಗೆ ಮಾಸಿತ್ತು. ಹಾಗೆ ಮಾಸಲೆಂದು ಅದನ್ನು ಎರಡು ದಿನ ಮರಳು ಕಾಗದದಿಂದ ಉಜ್ಜಿಸಿದ್ದ. ನೆತ್ತಿಯ ಮೇಲಿನ ಮರದ ಬಳೆಯೊಳಗಿಂದ ಆಕಾಶ ಕಾಣಬೇಕಾದಲ್ಲಿ ತಗಡಿನ ಸೂರು ಕಾಣುತ್ತಿತ್ತು, ತೊಲೆಯಿಂದ ಇಳಿಬಿದ್ದ ಒಂದು ಕಬ್ಬಿಣದ ಕೊಕ್ಕೆಯೂ. ಬಿಷ್ಕೆಕ್‌ನ ಈ ಹಾಲ್‌ನಲ್ಲಿ ಒಂದು ಕಾಲಕ್ಕೆ ಮುನ್ನೂರು ಹೆಂಗಸರು ಸೈನಿಕರ ಮೇಲಂಗಿ ಹೊಲಿಯುತ್ತಿದ್ದರು. ಯಂತ್ರಗಳು ಹೋದವು, ಹೆಂಗಸರು ಹೋದರು, ಎಲ್ಲಿಗೆ ಹೋದಿರಿ ತಾಯಂದಿರಾ ಎಂದು ಒಬ್ಬನೂ ಕೇಳಲಿಲ್ಲ. ಈಗ ಗೋಡೆಗೆ ಬಿಳಿ ಬಳಿದು, ನೆಲಕ್ಕೆ ಮುಖ ಕಾಣುವಷ್ಟು ಹೊಳಪು ಹಚ್ಚಿ, ಕಲಾಮಂದಿರ ಎನ್ನುತ್ತಾರೆ. ಮರ್ಲೆನ್‌ನ ಮೂವತ್ತು ವರ್ಷದ ಸಿನಿಮಾ ಬದುಕು ಇವತ್ತು ಈ ನೆಲದ ಮೇಲೆ ಹರಡಿ ಕೂತಿತ್ತು: ಹುಲ್ಲುಗಾವಲುಗಳು, ಕುದುರೆ ಜೀನುಗಳು, ಸಾವಿರದ ಒಂಬೈನೂರ ಮೂವತ್ತೇಳರ ಬಂಧನಗಳ ಭಯದಲ್ಲಿ ಮುಖವನ್ನು ಬ್ಲೇಡಿನಿಂದ ಕೆರೆದು ತೆಗೆದ ತಾತನ ಭಾವಚಿತ್ರ. ಎಲ್ಲದರ ನಡುವೆ ಈ ಗುಡಾರ. ಗುಡಾರದೊಳಗೆ ಹನ್ನೊಂದು ವರ್ಷದ ಹಿಂದೆ ತೀರಿಕೊಂಡ ಅವ್ವನಿಗಾಗಿ ಚಿಕ್ಕಮ್ಮ ಅವಳ ಬದುಕನ್ನು ಹೇಳಿ ಹೇಳಿ ಅತ್ತ ಕೊಶೋಕ್, ಪರದೆಯ ಮೇಲೆ ಏಳು ನಿಮಿಷ, ಮುಗಿದೊಡನೆ ಮತ್ತೆ ಮೊದಲಿನಿಂದ. ಬಾಗಿಲ ಬಳಿ ದಪ್ಪ ಅಕ್ಷರದಲ್ಲಿ ಪ್ರದರ್ಶನದ ಹೆಸರು: ನೆನಪಿನ ಉಣ್ಣೆ.

ಅವನು ಕಿಸೆಯಲ್ಲಿದ್ದ ಫೋನನ್ನು ಮುಟ್ಟಿ ನೋಡಿಕೊಂಡ. ಹಲ್ಲಿನ ಸಂದಿಯ ಮಾಂಸದ ಎಳೆಯನ್ನು ನಾಲಿಗೆ ಮುಟ್ಟುವ ಹಾಗೆ, ಹನ್ನೆರಡು ದಿನದಿಂದ, ಮುಟ್ಟುತ್ತಲೇ ಇದ್ದ. ಒಳಗೊಂದು ಸಂದೇಶವಿತ್ತು, ಅಣ್ಣನ ದೊಡ್ಡ ಮಗನದು, ಮಾಸ್ಕೋದಿಂದ. ಅವನೂ ಅವನ ತಮ್ಮನೂ ಅಲ್ಲಿ ಹಿಮ ಗುಡಿಸುತ್ತಾರೆ. ಕಾಗದ ಪತ್ರ ಸರಿಯಿಲ್ಲ, ಒಮ್ಮೆ ಗಡಿ ದಾಟಿ ಈಚೆ ಬಂದರೆ ಮತ್ತೆ ಆಚೆಗೆ ಬಿಡುವುದಿಲ್ಲ. 'ಅಪ್ಪಂಗೆ ಹೊಟ್ಟೇಲಿ ಗಡ್ಡೆಯಂತೆ. ಬೇಸಿಗೆ ದಾಟೋದು ಕಷ್ಟ ಅಂದಿದಾರೆ. ನಾವಿಬ್ಬರೂ ಬರೋ ಹಾಗಿಲ್ಲ. ಅಪ್ಪನ ಬಾಗಿಲಲ್ಲಿ ನಿಲ್ಲೋಕೆ ನೀವಿದೀರಲ್ವಾ ಚಿಕ್ಕಪ್ಪ?' ಇದೀನಿ ಎಂದು ಬರೆಯಲು ಎಷ್ಟು ಹೊತ್ತು ಬೇಕು. ಬರೆದಿರಲಿಲ್ಲ. ಅಣ್ಣ ತುರ್ದುಬೆಕ್ ಅವನೊಡನೆ ಮಾತಾಡಿ ಹನ್ನೊಂದು ವರ್ಷವಾಗಿತ್ತು. ಜಗಳವಿಲ್ಲ, ಬೈಗುಳವಿಲ್ಲ. ಸುಮ್ಮನೆ, ಬತ್ತಿದ ಬಾವಿಗೆ ಮುಚ್ಚಳ ಹಾಕುವ ಹಾಗೆ, ಮಾತು ನಿಲ್ಲಿಸಿದ್ದ.

"ಮರ್ಲೆನ್ ಬೈಕೆ! ಎಲ್ಲಿ ಅಡಗಿ ಕೂತಿದೀರಿ? ನಿಮಗೊಂದು ಖುಷಿ ಸುದ್ದಿ ತಂದಿದೀನಿ." ಕಲಾಮಂದಿರ ನಡೆಸುವ ಮೀರಿಮ್ ಗುಡಾರದೊಳಕ್ಕೆ ತಲೆ ಹಾಕಿದಳು. ಮೂವತ್ತರ ಹೆಣ್ಣು, ಅಣ್ಣಾ ಎನ್ನುವ ಹಾಗೆ ಎಲ್ಲರನ್ನೂ ಬೈಕೆ ಎನ್ನುವವಳು. "ನಿಮ್ಮೂರು ಆತ್‌ಬಾಶಿಯಿಂದ ನಿಮ್ಮಣ್ಣ, ನಿಮ್ಮ ಚಿಕ್ಕಮ್ಮ ಇಬ್ರೂ ಬರ್ತಿದಾರೆ. ವ್ಯಾನ್ ಕಳ್ಸಿದ್ದೆ. ಡೋಲೋನ್ ಘಟ್ಟ ದಾಟಿ ಎಷ್ಟೋ ಹೊತ್ತಾಯ್ತಂತೆ."

"ಯಾರನ್ನ ಕೇಳಿ ಕಳ್ಸಿದೆ?"

"ಕೇಳೋದೇನ್ ಬಂತು? ಹೊರದೇಶದ ಪ್ರತಿಷ್ಠಾನದೋರು ಬರ್ತಾರೆ, ಉಪಮಂತ್ರಿ ಬರ್ತಾರೆ, ಮನೆಯೋರು ಬರಬಾರ್ದಾ? ಯೋಚ್ನೆ ಮಾಡಿ ಬೈಕೆ, ಪರದೆ ಮೇಲೂ ಅದೇ ಅಜ್ಜಿ, ಪಕ್ಕದಲ್ಲಿ ಕೂತು ಹಾಡೋದೂ ಅದೇ ಅಜ್ಜಿ. ಮೈ ಜುಮ್ ಅನ್ನುತ್ತೆ."

"ಅದು ಹಾಡಲ್ಲ ಮೀರಿಮ್. ಕೊಶೋಕ್ ಅದು. ಹೆಣ ಇಲ್ದೆ ಕೊಶೋಕ್ ಹೇಳಬಾರ್ದು."

"ಅಯ್ಯೋ, ನೀವೇ ಗೋಡೆ ಮೇಲೆ ಬರೆಸಿದೀರಲ್ಲ, 'ಇಲ್ಲಿ ಒಂದು ನೆನಪು ದಿನವೂ ಸಾಯುತ್ತದೆ' ಅಂತ. ಅಷ್ಟು ಸಾಲ್ದಾ ಹೆಣ?" ಎಂದು ನಕ್ಕು ಹೋದಳು. ಅವಳು ಕುಹಕಕ್ಕೆ ಅಂದದ್ದಲ್ಲ. ಅದೇ ಅವನಿಗೆ ಚುಚ್ಚಿತು.

ಅವ್ವ ತೀರಿಕೊಂಡದ್ದು ನವೆಂಬರ್‌ನಲ್ಲಿ. ಮನೆಯ ಅಂಗಳದಲ್ಲಿ ಹಿಮವನ್ನು ಗುದ್ದಲಿಯಿಂದ ಕೆರೆದು, ಕಂಬಳಿ ಗುಡಾರ ನಿಲ್ಲಿಸಿ, ಅವ್ವ ಬಾತ್ಮಾಳನ್ನು ಒಳಗೆ ಮಲಗಿಸಿದ್ದರು. ಮೂರು ದಿನ. ತುರ್ದುಬೆಕ್ ಹೊಳೆದಂಡೆಗೆ ಹೋಗಿ ಎರಡು ನೇರವಾದ ಹಸಿ ವಿಲ್ಲೋ ಕೋಲು ಕಡಿದು ತಂದ, ಒಂದು ತನ್ನ ಎದೆಮಟ್ಟಕ್ಕೆ, ಒಂದು ತಮ್ಮನ ಎದೆಮಟ್ಟಕ್ಕೆ. ಸೊಂಟಕ್ಕೆ ಬಟ್ಟೆ ಬಿಗಿದು, ಕೋಲಿನ ಮೇಲೆ ಭಾರ ಬಿಟ್ಟು, ಗುಡಾರದ ಬಾಗಿಲ ಹೊರಗೆ ಗಂಡುಮಕ್ಕಳು ನಿಲ್ಲಬೇಕು. ಒಳಗೆ ಹೆಂಗಸರು ಜಾಲರಿ ಗೋಡೆಗೆ ಮುಖ ಮಾಡಿ ಕೊಶೋಕ್ ಹೇಳುತ್ತಾರೆ. ಊರಿನಿಂದ, ಪಕ್ಕದ ಕಣಿವೆಯಿಂದ ಗಂಡಸರು ಬರುತ್ತಾರೆ. ಬೇಲಿಯ ಹತ್ತಿರ ಬರುವಾಗಲೇ ದನಿ ಎತ್ತಿ ಅಳುತ್ತ, ಓಡುತ್ತ ಬರುತ್ತಾರೆ. ಬಾಗಿಲಲ್ಲಿ ನಿಂತ ಮಕ್ಕಳು ಎದುರು ದನಿ ಎತ್ತಿ ಅಳುತ್ತ ಅವರನ್ನು ತಬ್ಬಿಕೊಳ್ಳಬೇಕು. ಅಳುವಿಗೆ ಅಳು ಎದುರಾಗಲೇಬೇಕು. ಎದುರಾಗದಿದ್ದರೆ ಬಂದವನ ಅಳು ಅವನಲ್ಲೇ ಉಳಿದು ಮನೆಗೆ ವಾಪಸಾಗುತ್ತದಂತೆ. ಮೂರು ದಿನವೂ ಆ ಬಾಗಿಲಲ್ಲಿ ಅಣ್ಣ ಒಬ್ಬನೇ ನಿಂತಿದ್ದ. ಎರಡನೆಯ ಕೋಲು ಕಂಬಳಿಗೆ ಒರಗಿಕೊಂಡಿತ್ತು. ಮರ್ಲೆನ್ ಅಂಗಳದ ಆಚೆ, ಹುಲ್ಲಿನ ಬಣವೆಯ ಮೇಲೆ ಕ್ಯಾಮೆರಾ ಇಟ್ಟುಕೊಂಡಿದ್ದ. ಬೆಳಕು ಅಪರೂಪದ್ದಿತ್ತು, ಹಿಮದಿಂದ ಮೇಲಕ್ಕೆ ಏಳುವ ಬೆಳಕು. "ನಿನ್ನ ಕೋಲು ಅಲ್ಲಿದೆ" ಎಂದಷ್ಟೇ ಅಣ್ಣ ಅಂದದ್ದು. ಅದೇ ಕೊನೆಯ ಮಾತು. ಆಗ ತನಗೆ ಸಂಕಟವಾಗಲಿಲ್ಲವೇ? ಆಗಿತ್ತು. ಆದರೆ ಸಂಕಟಕ್ಕೆ ಒಂದು ಉತ್ತರವೂ ಜೇಬಿನಲ್ಲಿತ್ತು. ಬಿಷ್ಕೆಕ್‌ಗೆ ಫ್ರುಂಜೆ ಎಂದು ಹೆಸರಿದ್ದ ಕಾಲದಲ್ಲಿ, ಶುಕ್ರವಾರದ ಓದು ಬಳಗದಲ್ಲಿ, ಬೆಂಚಿನ ಮೇಲೆ ಹತ್ತಿ ನಿಂತು ತಾನೇ ಅಂದಿದ್ದ ಮಾತು: ಅಳುವವರು ಸಾವಿರ ಜನ ಇದ್ದಾರೆ ಗೆಳೆಯರೇ, ನೋಡುವವನು ಬೇಕು, ನಮ್ಮ ಜನರ ನೋವಿಗೆ ಸಾಕ್ಷಿ ಬೇಕು! ಎಲ್ಲರೂ ಮೇಜು ಗುದ್ದಿದ್ದರು. ಆ ಸಾವಿರ ಜನರಲ್ಲಿ ತನ್ನ ಪಾಲಿನ ಅಳುವನ್ನು ಯಾರು ಅಳಬೇಕು ಎಂದು ಬಳಗದಲ್ಲಿ ಒಬ್ಬನೂ ಕೇಳಿರಲಿಲ್ಲ.

ಅಷ್ಟೇ ಆಗಿದ್ದರೆ ಹೇಗೋ ನುಂಗಿಕೊಳ್ಳಬಹುದಿತ್ತು. ಇನ್ನೊಂದಿತ್ತು. ಅದು ಗೊತ್ತಿದ್ದದ್ದು ಇಬ್ಬರಿಗೇ, ಅವನಿಗೆ ಮತ್ತು ಚಿಕ್ಕಮ್ಮ ಸಾಲ್ಕಿನ್‌ಗೆ. ಎರಡನೆಯ ದಿನ ಅವನು ಕ್ಯಾಮೆರಾ ಹಿಡಿದು ಗುಡಾರದ ಒಳಗೆ ಹೋಗಿದ್ದ. ಚಿಕ್ಕಮ್ಮ ಜಾಲರಿಗೆ ಮುಖ ಮಾಡಿ ಅಕ್ಕನ ಕೊಶೋಕ್ ಎತ್ತಿದ್ದಳು. ಅವ್ವನ ಕೈಯನ್ನು, ಅವ್ವ ಕುರಿ ಕಾದ ಹುಲ್ಲುಗಾವಲುಗಳನ್ನು ಒಂದೊಂದಾಗಿ ಹೆಸರು ಹಿಡಿದು ಕರೆದಳು; ಗುಡ್ಡ ಮುಚ್ಚುವ ಹಿಮದ ರಾತ್ರಿ ಕುರಿ ಈಯುವ ದೊಡ್ಡಿಯಲ್ಲಿ ಕುರಿಮರಿಗಳ ನಡುವೆಯೇ ಮರ್ಲೆನ್‌ನನ್ನು ಹೆತ್ತು, ಬೆಳಗಾದ ಮೇಲೆ ಮೂವತ್ತೊಂದು ಮರಿ, ಒಂದು ಮಗು ಎಂದು ಲೆಕ್ಕ ಒಪ್ಪಿಸಿದವಳೇ, ಎಂದಳು. ಅಲ್ಲಿ ಅವಳ ದನಿ ಒಡೆಯಿತು. ಅವನ ಕಣ್ಣೂ ತುಂಬಿತ್ತು, ಅದು ಸುಳ್ಳಲ್ಲ. ಮುಗಿದ ಮೇಲೆ ನೋಡಿದರೆ ಮೈಕಿನ ತಂತಿ ಪೂರಾ ಒಳಕ್ಕೆ ಕೂತಿರಲಿಲ್ಲ. ಒಂದು ಅಕ್ಷರವೂ ದಾಖಲಾಗಿರಲಿಲ್ಲ. ಅವನು ಬಗ್ಗಿ ಅವಳ ಕಿವಿಯಲ್ಲಿ ಅಂದ: "ಚೆನ್ನಾಗಿ ಬಂತು ಚಿಕ್ಕಮ್ಮ. ಇನ್ನೊಂದು ಸಲ."

ಕೊಶೋಕ್ ಹೇಳುವವಳು ತಿರುಗಿ ನೋಡಬಾರದು. ಚಿಕ್ಕಮ್ಮ ತಿರುಗಿ ನೋಡಿದಳು. ಎಷ್ಟು ಹೊತ್ತು? ಒಂದು ಉಸಿರಿನಷ್ಟು. ಆಮೇಲೆ ಮತ್ತೆ ಗೋಡೆಗೆ ಮುಖ ಮಾಡಿ, ಮೊದಲಿನಿಂದ, ಅದೇ ಕೈ, ಅದೇ ಹುಲ್ಲುಗಾವಲು, ಅದೇ ಕ್ರಮದಲ್ಲಿ ಹೇಳಿದಳು. ಕುರಿದೊಡ್ಡಿ ಬರಬೇಕಾದ ಜಾಗದಲ್ಲಿ ದೊಡ್ಡಿ ಬರಲಿಲ್ಲ, ಮರಿಗಳು ಬರಲಿಲ್ಲ. ಬಂದದ್ದು ಒಂದೇ ಸಾಲು: ನೋಡಕ್ಕಾ ಬಾತ್ಮಾ, ನಿನ್ನ ಬಾಗಿಲಲ್ಲಿ ನಿಂತಿದ್ದಾನೆ ಒಬ್ಬನೇ ಮಗ. ಆ ಸಾಲಿನಿಂದಲೇ ಸಿನಿಮಾಗೆ ಬಹುಮಾನ ಬಂತು. 'ಒಂಟಿ ಮಗನೆಂದರೆ ಒಂಟಿಯಾದ ನಾಡೇ' ಎಂದು ಪತ್ರಿಕೆಗಳು ಬರೆದವು. ಅವನು ವೇದಿಕೆ ಹತ್ತಿ, ಹೌದು, ನಾಡೇ, ಎಂದು ತಲೆಯಾಡಿಸಿದ. ತನ್ನ ತಾಯಿಯ ಸಾವಿನಿಂದ ತನ್ನನ್ನು ಅಳಿಸಿ ಹಾಕಿದ ಸಾಲನ್ನು ಹಿಡಿದುಕೊಂಡು ಊರೂರು ತಿರುಗಿದವನು ಜಗತ್ತಿನಲ್ಲಿ ತಾನೊಬ್ಬನೇ ಇರಬೇಕು.

ಜನ ಸೇರಿದ್ದರು. ಉಪಮಂತ್ರಿ ಬಿಳಿ ಕಲ್ಪಾಕ್ ಟೋಪಿ ಇಟ್ಟುಕೊಂಡು ಮಾತಾಡುತ್ತಿದ್ದ: ಪರಂಪರೆ, ಬೇರು, ನಮ್ಮ ತಾಯಂದಿರ ಪವಿತ್ರ ಕಣ್ಣೀರು. ಹಿಂದಿನ ವರ್ಷ ಇದೇ ಬಾಯಿ ಆತ್‌ಬಾಶಿ ಮೇಲಿನ ಹುಲ್ಲುಗಾವಲನ್ನು ಚಿನ್ನ ಅಗೆಯುವವರಿಗೆ ಬಿಟ್ಟುಕೊಡುವುದೇ ಪ್ರಗತಿ ಎಂದಿತ್ತು. ಅವ್ವನ ಕೊಶೋಕಿನಲ್ಲಿ ಬರುವ ಹುಲ್ಲುಗಾವಲುಗಳಲ್ಲಿ ಎರಡು ಈಗ ಗಣಿಯ ಬೇಲಿಯ ಒಳಗಿವೆ. ಎದ್ದು ಹೇಳಬೇಕು, ಈಗಲೇ, ಎಲ್ಲರೆದುರು, ಎಂದುಕೊಂಡ ಮರ್ಲೆನ್. ಕೈಯಲ್ಲಿ ಏಪ್ರಿಕಾಟ್ ರಸದ ಲೋಟವಿತ್ತು. ಲೋಟ ಎಲ್ಲಿಡುವುದು ಎಂದು ಹುಡುಕುವಷ್ಟರಲ್ಲಿ ಚಪ್ಪಾಳೆ ಬಿತ್ತು, ಉಪಮಂತ್ರಿ ಅವನ ಹೆಗಲಿಗೆ ಕೈ ಹಾಕಿದ, ಅವನು ನಕ್ಕ. ನಗು ಮುಖದ ಮೇಲೆ ಇರುವಾಗಲೇ ಬಾಗಿಲು ತೆರೆಯಿತು.

ಮೊದಲು ಒಳಗೆ ಬಂದವನು ತುರ್ದುಬೆಕ್. ಎಷ್ಟು ಸಣ್ಣವನಾಗಿದ್ದ! ಕೋಟು ಮಾತ್ರ ಹಳೆಯ ಅಳತೆಯದು, ಒಳಗಿನ ಮನುಷ್ಯ ಕರಗಿದ್ದ. ಕಂಕುಳಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಏನೋ. ಅವನ ತೋಳು ಹಿಡಿದುಕೊಂಡು ಚಿಕ್ಕಮ್ಮ, ಬಿಳಿ ತಲೆವಸ್ತ್ರ, ಹಿಮಕ್ಕೆ ಹಾಕುವ ರಬ್ಬರ್ ಬೂಟು. ಅದೇ ಹೊತ್ತಿಗೆ ಹಾಲ್ ನಡುವಿನ ಗುಡಾರದೊಳಗಿಂದ ಕೊಶೋಕ್ ಏರುದನಿಗೆ ಬಂತು. ತುರ್ದುಬೆಕ್ ನಿಂತ. ಅವನ ಮುಖದಲ್ಲಿ ಯೋಚನೆ ಹಾಯಲೇ ಇಲ್ಲ. ಕಾಲಿಗೆ, ಗಂಟಲಿಗೆ ಗೊತ್ತಿದ್ದದ್ದು ತಲೆಯನ್ನು ಕೇಳಲಿಲ್ಲ. "ಅಪಾಕೆಮ್! ಓ ನನ್ನವ್ವಾ, ಹರಿಯೋ ನೀರೇ!" ಎಂದು ಹೊಟ್ಟೆಯ ತಳದಿಂದ ದನಿ ಎತ್ತಿ, ಬಗ್ಗಿ, ಓಡತೊಡಗಿದ. ಹೊಳಪು ನೆಲದ ಮೇಲೆ ಅವನ ಬೂಟು ಜಾರುತ್ತಿತ್ತು. ಜನ ಸರಿದು ದಾರಿ ಬಿಟ್ಟರು. "ಇದೂ ಪ್ರದರ್ಶನದ ಭಾಗವಾ?" ಎಂದು ಯಾರೋ ಸಂತೋಷದಿಂದ ಕೇಳಿದರು. ಫೋನುಗಳು ಮೇಲೆದ್ದವು. ತುರ್ದುಬೆಕ್ ಅಳುತ್ತ ಗುಡಾರದ ಬಾಗಿಲಿಗೆ ಬಂದು ಎರಡೂ ತೋಳು ಚಾಚಿದ. ಬಾಗಿಲಲ್ಲಿ ಯಾರೂ ಇರಲಿಲ್ಲ. ತೋಳು ಗಾಳಿಯಲ್ಲಿ ನಿಂತವು. ಅಳು ಅರ್ಧಕ್ಕೆ ನಿಂತಿತು. ಅವನು ಸುತ್ತ ನೋಡಿದ, ಫೋನುಗಳನ್ನು ನೋಡಿದ, ಟೋಪಿ ತೆಗೆದು ಅದರಿಂದಲೇ ಮುಖ ಒರೆಸಿಕೊಂಡ. ಚಪ್ಪಾಳೆ ಬಿತ್ತು. ಮರ್ಲೆನ್ ಐದು ಹೆಜ್ಜೆ ದೂರದಲ್ಲಿದ್ದ, ಉಪಮಂತ್ರಿಯ ಹಿಂದೆ, ಲೋಟ ಹಿಡಿದುಕೊಂಡು. ಐದೇ ಹೆಜ್ಜೆ. ಅವನು ಹೆಜ್ಜೆ ಎಣಿಸಿದ್ದ, ಇಟ್ಟಿರಲಿಲ್ಲ.

ಅಣ್ಣ ಒಳಗೆ ಹೋದ, ಹೋದಷ್ಟೇ ಬೇಗ ಹೊರಗೆ ಬಂದ. ಹನ್ನೊಂದು ವರ್ಷದ ಮೇಲೆ ಮೊದಲ ಮಾತು: "ಅವ್ವನ್ನ ಗಂಡಸರ ಮಗ್ಗುಲಲ್ಲಿ ಮಲಗಿಸಿದೀಯಲ್ಲೋ."

ಬೆಳಗಿನಿಂದ ಕಾಡಿದ್ದು ಅದು. ಬಾಗಿಲಿನಿಂದ ಬಲಕ್ಕೆ ಹೆಂಗಸರ ಮಗ್ಗುಲು, ಎಡಕ್ಕೆ ಗಂಡಸರದು. ಜೀನು, ಚಾವಟಿ, ಬೇಟೆಯ ಸಾಮಾನು ಎಡಕ್ಕೆ, ಹಾಲು, ಒಲೆ, ಹೆರಿಗೆ ಬಲಕ್ಕೆ. ಸತ್ತರೂ ಹಾಗೇ. ಮೂರು ವರ್ಷದ ಮಗುವಿಗೆ ಗೊತ್ತಿರುವುದು. ಇದರ ಮೇಲೆ ಅವನು ಬೇರೆ ದೇಶಗಳಲ್ಲಿ ಉಪನ್ಯಾಸ ಕೊಟ್ಟಿದ್ದ. "ಪ್ಲಗ್ಗು ಆ ಕಡೆ ಇತ್ತು ಬೈಕೆ" ಎಂದು ಬಾಯಿಂದ ಬಂತು.

"ಸತ್ತೋಳಿಗೆ ಕರೆಂಟ್ ಯಾಕೋ?" ಎಂದಳು ಚಿಕ್ಕಮ್ಮ. ಎಂಬತ್ತರ ಹತ್ತಿರದ ಮುದುಕಿ, ಹಲ್ಲಿಲ್ಲದ ಬಾಯಲ್ಲಿ ಸಣ್ಣ ನಗು. "ಬದುಕಿದ್ದಾಗ ದೀಪ ಇಲ್ದಿದ್ರೂ ಮೂವತ್ತು ಕುರಿ ಹಾಲು ಕರೀತಿದ್ಳು ಅಕ್ಕ. ಬಾ ತುರ್ದು, ಕೈ ಹಾಕು."

ಇಬ್ಬರೂ ಒಳಗೆ ಹೋಗಿ ಪರದೆಯನ್ನು ಹಿಡಿದರು. ಮೀರಿಮ್ "ಅಜ್ಜೀ, ಮುಟ್ಬೇಡಿ, ದಯವಿಟ್ಟು, ಬಿದ್ದೋಗತ್ತೆ" ಎನ್ನುತ್ತ ಓಡಿ ಬಂದಳು. ಬಲಕ್ಕೆ ಸರಿಸಿದಂತೆ ತಂತಿ ಬಿಗಿಯಿತು, ಎಳೆಯಿತು, ಪ್ಲಗ್ಗು ಗೋಡೆಯಿಂದ ಕಿತ್ತುಬಂತು. ಕೊಶೋಕ್ ಒಂದು ಪದದ ನಡುವೆ ನಿಂತಿತು. ಅಷ್ಟು ದೊಡ್ಡ ಹಾಲ್‌ನಲ್ಲಿ ಇಷ್ಟು ಹೊತ್ತು ಎಷ್ಟು ಗದ್ದಲವಿತ್ತೆಂದು ಆಗ ಗೊತ್ತಾಯಿತು. ಚಿಕ್ಕಮ್ಮ ಕಪ್ಪಾದ ಪರದೆಯನ್ನು ಹೆಂಗಸರ ಮಗ್ಗುಲಿಗೆ ನಿಲ್ಲಿಸಿ, ಪಕ್ಕದಲ್ಲಿ ಜಾಲರಿಗೆ ಮುಖ ಮಾಡಿ ಕೂತಳು. ತುರ್ದುಬೆಕ್ ಹೊರಗೆ ಬಂದು ಕಂಕುಳ ಬಟ್ಟೆ ಬಿಚ್ಚಿದ.

ವಿಲ್ಲೋ ಕೋಲು. ಸಿಪ್ಪೆ ಸುಲಿದು, ಹೊಗೆ ಹಿಡಿದು, ಹಳೆಯ ಮೂಳೆಯ ಬಣ್ಣಕ್ಕೆ ತಿರುಗಿತ್ತು.

"ನಾನು ಅತ್ತ ಕೋಲನ್ನ ಗೋರಿ ಮೇಲೆ ನೆಟ್ಟೆ" ಎಂದ ಅಣ್ಣ, ತಮ್ಮನ ಮುಖ ನೋಡದೆ, ಕೋಲಿನೊಡನೆ ಮಾತಾಡುವ ಹಾಗೆ. "ಇದನ್ನ ನೆಡೋಕಾಗ್ಲಿಲ್ಲ. ಅಳದ ಕೋಲು ನೆಡಬಾರ್ದು. ಒಲೆಗೆ ಹಾಕೋಣ ಅಂದ್ರೆ ಕೈ ಬರ್ಲಿಲ್ಲ. ಹನ್ನೊಂದು ವರ್ಷ ಕುರಿದೊಡ್ಡಿ ಸೂರಲ್ಲಿ ಸಿಕ್ಸಿಟ್ಟಿದ್ದೆ. ಈಗ ನಾನೇ ಹೊರಡೋನು. ನಿಂಗೊತ್ತಲ್ಲ."

"ಗೊತ್ತು."

"ಹುಡುಗರು ಬರ್ದಿದ್ರಂತೆ. ನೀನು ಏನೂ ಹೇಳ್ಲಿಲ್ವಂತೆ."

ಮರ್ಲೆನ್ ಕಿಸೆಯ ಮೇಲೆ ಕೈಯಿಟ್ಟುಕೊಂಡ, ಯಾರೋ ಕದಿಯಲು ಬಂದ ಹಾಗೆ.

"ಬೇಜಾರಿಲ್ಲಪ್ಪ. ನಿಂಗೆ ನಿನ್ನ ಕೆಲ್ಸ" ಎಂದ ತುರ್ದುಬೆಕ್. "ನನ್ನ ಬಾಗಿಲಲ್ಲಿ ನಿಲ್ತೀಯಾ, ಇಲ್ಲ ಬಣವೆ ಮೇಲೆ ಹತ್ತಿ ಕೂರ್ತೀಯಾ, ಅಷ್ಟು ನೋಡ್ಕೊಂಡು ಹೋಗೋಣ ಅಂತ ಬಂದೆ. ಜನ ಓಡ್ಕೊಂಡು ಬರ್ತಾರೆ. ಎದ್ರು ಯಾರೂ ಇಲ್ದಿದ್ರೆ ಹೇಗಿರುತ್ತೆ ಅಂತ ಈಗ ತಾನೇ ನೋಡ್ದೆ." ಕೋಲನ್ನು ಮುಂದೆ ಹಿಡಿದ. "ತಗೋ. ಅವ್ವಂಗೆ ಒಂದು ಸಲ ಅತ್ಬಿಡು. ನಾನು ಊರಿಗೆ ತಗೊಂಡೋಗಿ ನೆಟ್ಟು, ನೆಮ್ಮದಿಯಾಗಿ ಮಲಗ್ತೀನಿ."

ಅವನು ಕೋಲು ತೆಗೆದುಕೊಂಡ. ಎದೆಮಟ್ಟಕ್ಕೆ ಸರಿಯಾಗಿ ಬಂತು. ಅಣ್ಣ ಕಣ್ಣಳತೆಯಲ್ಲಿ ಕಡಿದದ್ದು, ಬೆರಳಿನಗಲವೂ ತಪ್ಪಿರಲಿಲ್ಲ. ಬಾಗಿಲ ಪಕ್ಕದಲ್ಲಿ, ಹನ್ನೊಂದು ವರ್ಷ ಎಲ್ಲ ಊರಿನ ಪರದೆಗಳ ಮೇಲೆ ಖಾಲಿ ಕಾಣುತ್ತಿದ್ದ ಆ ಜಾಗದಲ್ಲಿ, ಹೋಗಿ ನಿಂತ. ಅಣ್ಣ ಪಕ್ಕದಲ್ಲಿ ನಿಂತ. ಜನ ಅರ್ಧವೃತ್ತವಾಗಿ ಸೇರಿದ್ದರು. ಕೋಲಿನ ಮೇಲೆ ಭಾರ ಬಿಟ್ಟರೆ ಅದರ ತುದಿ ಹೊಳಪು ನೆಲದ ಮೇಲೆ ಸರ್ರನೆ ಜಾರಿತು. ಮತ್ತೆ ಊರಿದ, ಮತ್ತೆ ಜಾರಿತು. ಅವ್ವನ ಮುಖ ನೆನಪಿಗೆ ತರಲು ನೋಡಿದ. ಬಂದದ್ದು ತಾನು ಆರಿಸಿ ಜೋಡಿಸಿದ ಮುಖ, ಹಿಮದ ಬೆಳಕಿನದು, ಹದಿನಾಲ್ಕು ಸೆಕೆಂಡಿನದು. ಅದರ ಹಿಂದೆ ಬೇರೆ ಮುಖ ಇರಲೇಬೇಕು, ಬಯ್ಯುವ ಮುಖ, ಹಿಟ್ಟು ಮೆತ್ತಿದ ಮುಖ, ನಿದ್ದೆಗಣ್ಣಿನ ಮುಖ. ಕೈ ಹಾಕಿ ತಡಕಿದ. ಎಲ್ಲವೂ ಕತ್ತರಿಸಿ ಬಿಸಾಡಿದ ತುಂಡುಗಳಲ್ಲಿ ಹೋಗಿದ್ದವು. "ಅಪಾಕೆಮ್!" ಎಂದು ದನಿ ಎತ್ತಿದ. "ಓ ನನ್ನವ್ವಾ!" ದನಿ ದೊಡ್ಡದಾಗಿಯೇ ಬಂತು, ತುಂಬಿ ಬಂತು, ಕೊನೆಯಲ್ಲಿ ಬೇಕಾದಷ್ಟೇ ಒಡೆಯಿತು. ಒಡೆಯುವಾಗ ತಾನು ಕಿಟಕಿಯ ಬೆಳಕಿನ ಕಡೆಗೆ ಒಂದಿಷ್ಟು ಮುಖ ತಿರುಗಿಸಿದ್ದು ಅವನಿಗೇ ತಿಳಿಯಿತು. ಮುಂದಿನ ಸಾಲಿನ ಹೆಂಗಸೊಬ್ಬಳು ಕಣ್ಣೊರೆಸಿಕೊಂಡಳು. ಯಾರೋ ಮೆಲ್ಲಗೆ ಚಪ್ಪಾಳೆ ಶುರು ಮಾಡಿದರು.

ಗುಡಾರದೊಳಗಿಂದ, ಕಂಬಳಿಯ ಆಚೆಯಿಂದ, ಮುದಿ ದನಿ ಬಂತು: "ಚೆನ್ನಾಗಿ ಬಂತು ಮಗಾ. ಇನ್ನೊಂದು ಸಲ."

ಅದು ಸೇಡೋ, ಅಥವಾ ನಡೆಯಲು ಕಲಿಯುವ ಮಗುವಿಗೆ ಹೇಳುವ ಮಾತೋ, ಅವನಿಗೆ ತಿಳಿಯಲಿಲ್ಲ. ತಿರುಗಿ ನೋಡುವ ಹಾಗಿರಲಿಲ್ಲ. ಅವನು ಮತ್ತೆ ಬಾಯಿ ತೆರೆದ. ಈ ಸಲ ದನಿಯೇ ಬರಲಿಲ್ಲ. ಗಂಟಲಲ್ಲಿ ಏನೋ, ಒಣಹುಲ್ಲಿನಂಥದು, ಮೇಲಕ್ಕೂ ಬಾರದೆ ಕೆಳಕ್ಕೂ ಇಳಿಯದೆ ಅಡ್ಡ ಕೂತಿತ್ತು. ಇದು ಆ ಅಳುವೇ ಇರಬಹುದು, ಇದೇ ಇರಬಹುದು, ಇನ್ನೊಂದು ಗಳಿಗೆ ಬಿಟ್ಟರೆ ಬಂದೀತು ಎಂದು ಅವನಿಗೆ ಅನ್ನಿಸುವಷ್ಟರಲ್ಲಿ, ಮೀರಿಮ್ ಎಲ್ಲಿಂದಲೋ ಉದ್ದನೆಯ ತಂತಿ ಹುಡುಕಿ ತಂದು ಸಿಕ್ಕಿಸಿದ್ದಳು. ಒಳಗೆ ಪರದೆ ಬೆಳಗಿತು. ನಿಂತಲ್ಲಿಂದಲೇ ಮುಂದುವರಿದು, ಆದರೆ ಈಗ ಸರಿಯಾದ ಮಗ್ಗುಲಿನಿಂದ, ಹನ್ನೊಂದು ವರ್ಷ ಚಿಕ್ಕವಳಾದ ಚಿಕ್ಕಮ್ಮ ಹೇಳಿದಳು: ನೋಡಕ್ಕಾ ಬಾತ್ಮಾ, ನಿನ್ನ ಬಾಗಿಲಲ್ಲಿ ನಿಂತಿದ್ದಾನೆ ಒಬ್ಬನೇ ಮಗ.

ಬಾಗಿಲಲ್ಲಿ ಇಬ್ಬರು ನಿಂತಿದ್ದರು.

ತುರ್ದುಬೆಕ್ ತಮ್ಮನ ಕಡೆ ತಿರುಗಿದ. ಆ ಸಾಲನ್ನು ಅವನು ಮೊದಲ ಸಲ ಸರಿಯಾಗಿ ಕೇಳಿಸಿಕೊಂಡಂತಿತ್ತು. ಅವತ್ತು ಹೊರಗೆ ನಿಂತು ತಾನೇ ಅಳುತ್ತಿದ್ದವನಿಗೆ ಒಳಗಿನ ಮಾತು ಹೇಗೆ ಕೇಳಬೇಕು. ಅವನ ಮುಖದಲ್ಲಿ ಸಿಟ್ಟು ಹುಡುಕಿದ ಮರ್ಲೆನ್‌ಗೆ ಸಿಟ್ಟು ಸಿಗಲಿಲ್ಲ. ಅಣ್ಣ ಕೈ ಚಾಚಿ, ಮಲಗಿದ ಮಗುವಿನ ಕೈಯಿಂದ ಚಾಕು ಬಿಡಿಸಿಕೊಳ್ಳುವ ಹಾಗೆ ಒಂದೊಂದೇ ಬೆರಳು ಬಿಡಿಸಿ, ಕೋಲನ್ನು ತೆಗೆದುಕೊಂಡ. ಬಟ್ಟೆಯನ್ನು ಹಾಸಿ, ಕೋಲನ್ನಿಟ್ಟು, ನಿಧಾನವಾಗಿ ಸುತ್ತಿದ.

"ಬೇಸಿಗೆಗೆ ಬಾ" ಎಂದ. "ನಮ್ಮಂಗಳದಲ್ಲಿ ಆವಾಗ ನೆಲ ಮೆತ್ತಗಿರುತ್ತೆ. ಕೋಲು ಜಾರಲ್ಲ."

ಚಿಕ್ಕಮ್ಮನ ತೋಳು ಹಿಡಿದು, ಜನ ಬಿಟ್ಟ ದಾರಿಯಲ್ಲಿ, ಜಾರದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಡುತ್ತ ಅವನು ಬಾಗಿಲ ಕಡೆ ನಡೆದ. ಉಪಮಂತ್ರಿ ಕೈ ಕುಲುಕಲು ಬಂದಾಗ ಮರ್ಲೆನ್‌ನ ಬಲಗೈ ಇನ್ನೂ ಎದೆಮಟ್ಟಕ್ಕೆ, ಏನನ್ನೋ ಹಿಡಿದ ಹಾಗೆ ಮಡಿಸಿಕೊಂಡೇ ಇತ್ತು. ಬಿಚ್ಚಲು ನೋಡಿದ. ಬಿಚ್ಚಿಕೊಳ್ಳಲಿಲ್ಲ.